ಬಾವಿ ನೀರಿನ ಮಟ್ಟದ ಲಾಗರ್: ಫೈಲ್ ಫಾರ್ಮ್ಯಾಟ್, ಎರಡನೇ ಆವೃತ್ತಿ

ಮಂಡ್ಯ ಕಡೆಯ ತೋಟದ ಬಾವಿಯಲ್ಲಿರುವ ಲಾಗರ್ 10 ನಿಮಿಷಕ್ಕೊಮ್ಮೆ ನೀರಿನ ಮಟ್ಟ, ಉಷ್ಣಾಂಶ, ಬ್ಯಾಟರಿ ವೋಲ್ಟೇಜನ್ನು ಎಸ್‌ಡಿ ಕಾರ್ಡಿಗೆ ಬರೆಯುತ್ತದೆ. ಬರೆಯುವುದು ಆರ್ಡುನೊ ಊನೊ ಎಂಬ ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡು. ಓದುವುದು ಮೈಸೂರಿನಲ್ಲಿರುವ ಒಂದು ಲಿನಕ್ಸ್, ಒಂದು ವಿಂಡೋಸ್ ಯಂತ್ರ. ಸ್ಟ್ರಕ್ಟನ್ನು (ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಸಿ ಭಾಷೆಯ ರಚನೆ) ಹಾಗೇ ಎತ್ತಿ ಫೈಲಿಗೆ ಸುರಿಯುತ್ತಿದ್ದ ಹಳೆಯ ಕೋಡನ್ನು ಈ ವಾರ ಪೂರ್ತಿ ಕಿತ್ತುಹಾಕಿದ್ದಾಯಿತು.

ಕಾರಣ, ಆ ಸ್ಟ್ರಕ್ಟಿನ ಗಾತ್ರ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. 1 ಬೈಟ್ ಫ್ಲ್ಯಾಗ್ (ಸ್ಥಿತಿಯ ಗುರುತು), 32 ಬಿಟ್ ಸಮಯ, 16 ಬಿಟ್ ಮಟ್ಟ, ಕೊನೆಗೊಂದು ಡಬಲ್ (ದಶಮಾಂಶ ಸಂಖ್ಯೆಯ ಒಂದು ಬಗೆ): ಇದು ಊನೊದಲ್ಲಿ 11 ಬೈಟ್, 32 ಬಿಟ್ ಲಿನಕ್ಸಿನಲ್ಲಿ 20, 64 ಬಿಟ್‌ನಲ್ಲಿ 24. ಕಂಪೈಲರ್ ನಡುವೆ ಸೇರಿಸುವ ಖಾಲಿ ಬೈಟುಗಳನ್ನು ತೆಗೆಯಲು ಪ್ಯಾಕ್ಡ್ ಎಂದು ಬರೆದರೂ ಪಿಸಿಯಲ್ಲಿ 15 ಆಗುತ್ತದೆ, ಏಕೆಂದರೆ ಊನೊದ ಡಬಲ್ 4 ಬೈಟಿನದು.

ಹೊಸ ರೆಕಾರ್ಡ್ ಎಲ್ಲೆಡೆಯೂ 16 ಬೈಟ್: ಸಮಯ 4, ಮಟ್ಟ 2 (ಮಿಲಿಮೀಟರ್), ಉಷ್ಣಾಂಶ 2 (ಡಿಗ್ರಿಯ ನೂರನೇ ಭಾಗ), ಬ್ಯಾಟರಿ 2, ಫ್ಲ್ಯಾಗ್ 1, ಖಾಲಿ 1, ಸಿಆರ್‌ಸಿ (ರೆಕಾರ್ಡ್ ಕೆಟ್ಟಿದೆಯೇ ಎಂದು ತಿಳಿಸುವ ತಾಳೆ ಸಂಖ್ಯೆ) 4. ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ, ಎಲ್ಲೂ ಇಲ್ಲ. ಹೆಡರ್ (ಫೈಲಿನ ಆರಂಭದ ಭಾಗ) ಕೂಡ 16 ಬೈಟ್ ಆದ್ದರಿಂದ 512 ಬೈಟಿನ ಸೆಕ್ಟರಿನ ಗಡಿಯಲ್ಲಿ ಯಾವ ರೆಕಾರ್ಡೂ ಎರಡು ತುಂಡಾಗುವುದಿಲ್ಲ. ದಿನಕ್ಕೆ 144 ರೆಕಾರ್ಡ್, 2304 ಬೈಟ್.

ಮಟ್ಟ ಅನ್‌ಸೈನ್ಡ್ (ಋಣ ಬೆಲೆಯಿಲ್ಲದ ಸಂಖ್ಯೆ) ಆಗಿರಲೇಬೇಕು. ಹೋಲಿಕೆಗಾಗಿ ಕೆಆರ್‌ಎಸ್ ಮಟ್ಟವೂ ಇದೇ ಫಾರ್ಮ್ಯಾಟಿಗೆ ಬರುತ್ತದೆ. ಗರಿಷ್ಠ 124.80 ಅಡಿ ಎಂದರೆ 38039 ಮಿಲಿಮೀಟರ್. ಸೈನ್ಡ್ 16 ಬಿಟ್‌ನಲ್ಲಿ ಅದು -27497 ಎಂದು ಕಾಣುತ್ತದೆ. 107.5 ಅಡಿಯವರೆಗೆ ಎಲ್ಲವೂ ಸರಿಯಾಗಿಯೇ ಬರುವುದರಿಂದ ಬೇಸಿಗೆಯ ಅಂಕಿಗಳಿಂದ ಮಾತ್ರ ಪರೀಕ್ಷಿಸಿದರೆ ಈ ದೋಷ ಸಿಕ್ಕುವುದಿಲ್ಲ.

ಬೈಟುಗಳನ್ನು ಕೆಳಗಿನದರಿಂದ (ಕಡಿಮೆ ಸ್ಥಾನಬೆಲೆಯದರಿಂದ) ಶುರುಮಾಡಿ ಒಂದೊಂದಾಗಿ, ಶಿಫ್ಟ್ ಮಾಡಿ (ಬಿಟ್‌ಗಳನ್ನು ಸರಿಸಿ) ಬರೆಯುತ್ತೇವೆ. ಯಂತ್ರದ ಎಂಡಿಯನ್ (ಬೈಟುಗಳನ್ನು ಇಡುವ ಕ್ರಮ) ಯಾವುದೆಂದು ಕೋಡ್ ಎಲ್ಲೂ ಕೇಳುವುದಿಲ್ಲ. ಓದುವಾಗ ಪ್ರತಿ ಬೈಟನ್ನೂ ಮೊದಲು 32 ಬಿಟ್ ಅನ್‌ಸೈನ್ಡ್‌ಗೆ ಕಾಸ್ಟ್ ಮಾಡಿ (ಬಗೆ ಬದಲಿಸಿ), ಆಮೇಲೆ ಶಿಫ್ಟ್ ಮಾಡಬೇಕು. ಊನೊದ ಇಂಟ್ (ಸಾಮಾನ್ಯ ಪೂರ್ಣಾಂಕ) 16 ಬಿಟ್. ಕಾಸ್ಟ್ ಇಲ್ಲದೆ 24 ಸ್ಥಾನ ಸರಿಸಿದರೆ ಏನು ಬರುತ್ತದೆಂಬ ಖಾತ್ರಿಯೇ ಇಲ್ಲ.

ಹೆಚ್ಚು ಹೊತ್ತು ತಿಂದದ್ದು ವಿಂಡೋಸಿನ ಟೆಕ್ಸ್ಟ್ ಮೋಡ್, ಅಂದರೆ ಫೈಲನ್ನು ಬರಹವೆಂದೇ ತಿಳಿದು ತೆರೆಯುವ ರೀತಿ. ಅದರಲ್ಲಿ ಬರೆದರೆ 10 ಎಂಬ ಬೆಲೆಯ (ಸಾಲು ಮುಗಿಸುವ ಗುರುತು) ಪ್ರತಿ ಬೈಟಿಗೂ ಮೊದಲು ಒಂದು 13 ಸೇರಿಕೊಳ್ಳುತ್ತದೆ. ಉಷ್ಣಾಂಶ 25.60ರಿಂದ 28.15 ಡಿಗ್ರಿಯೊಳಗಿದ್ದರೆ ಅದರ ಮೇಲಿನ ಬೈಟ್ ಸರಿಯಾಗಿ 10. ನಮ್ಮ ಸೀಮೆಯಲ್ಲಿ ಅದು ದಿನನಿತ್ಯದ ಹವೆ, ಆ ರೆಕಾರ್ಡೆಲ್ಲ 17 ಬೈಟಾಗಿ ಮುಂದಿನವು ಜರುಗುತ್ತವೆ. ಓದುವಾಗ 26ನೇ ಬೆಲೆ ಕಂಡರೆ ಫೈಲ್ ಮುಗಿಯಿತೆಂದು ನಿಂತುಬಿಡುತ್ತದೆ. ಮಟ್ಟ 6656ರಿಂದ 6911 ಮಿಲಿಮೀಟರಿನಲ್ಲಿದ್ದಾಗ ಮೇಲಿನ ಬೈಟ್ 26. ಹಾಗಾಗಿ ಫೈಲ್ ತೆರೆಯುವ ಪ್ರತಿ ಕಡೆಯೂ ಮೋಡಿನಲ್ಲಿ 'ಬಿ' (ಬೈನರಿ) ಅಕ್ಷರ ಕಡ್ಡಾಯ. ಲಿನಕ್ಸಿಗೆ ಅದರಿಂದ ವ್ಯತ್ಯಾಸವಿಲ್ಲ, ಆದರೂ ಬರೆಯಬೇಕು. ಪಿಎನ್‌ಜಿ ಚಿತ್ರದ ಫೈಲಿನ ರೀತಿಯಲ್ಲೇ ಹೆಡರಿನ 8 ಬೈಟ್ ಸಹಿಯ ಕೊನೆಗೆ 13, 10, 26, 10 ಇಟ್ಟಿದ್ದೇವೆ. ಯಾರಾದರೂ ಟೆಕ್ಸ್ಟ್ ಆಗಿ ನಕಲು ಮಾಡಿದ್ದರೆ ತೆರೆದ ಕೂಡಲೇ ತಿಳಿಯುತ್ತದೆ.

ಸಮಯದಲ್ಲೂ ಒಂದು ಬಲೆಯಿದೆ. ಊನೊದ ಸಿ ಲೈಬ್ರರಿ 2000ದ ಜನವರಿ 1ರಿಂದ ಎಣಿಸುತ್ತದೆ, ಪಿಸಿ 1970ರಿಂದ. ಬರೆಯುವ ಮುಂಚೆಯೇ 946684800 ಸೆಕೆಂಡ್ ಕೂಡಿಸುತ್ತೇವೆ. ಫೈಲಿನಲ್ಲಿ ಯುಟಿಸಿ (ವಿಶ್ವ ಪ್ರಮಾಣ ಸಮಯ) ಮಾತ್ರ. ಭಾರತದ ಸಮಯಕ್ಕಾಗಿ ಐದೂವರೆ ಗಂಟೆ ಸೇರುವುದು ತೋರಿಸುವಾಗ.

ಒಂದೇ ಮಾದರಿ ಫೈಲನ್ನು ಲಿನಕ್ಸ್, ವಿಂಡೋಸ್, ಜತೆಗೆ ಕ್ವೆಮು ಎಂಬ ಯಂತ್ರಾನುಕರಣ ತಂತ್ರಾಂಶದಲ್ಲಿ ಬಿಗ್ ಎಂಡಿಯನ್ (ಮೇಲಿನ ಬೈಟನ್ನು ಮೊದಲಿಡುವ) ಎಸ್390ಎಕ್ಸ್ ಯಂತ್ರದ ಮೇಲೆ ಓದಿ ಮತ್ತೆ ಬರೆಸಿದಾಗ ಮೂರರಲ್ಲೂ ಬೈಟಿಗೆ ಬೈಟ್ ಹೊಂದಿತು. ಬಾಕಿಯಿರುವುದು ಬರೆಯುವ ನಡುವೆ ಬ್ಯಾಟರಿ ಕೀಳುವ ಪರೀಕ್ಷೆ: ಉದ್ದ 16ರಿಂದ ಭಾಗವಾಗದಿದ್ದರೆ ಕೊನೆಯ ತುಣುಕನ್ನು ಬಿಡಬೇಕು, ಸಿಆರ್‌ಸಿ ತಪ್ಪಿದ ರೆಕಾರ್ಡನ್ನು ಎಣಿಸಿ ವರದಿ ಮಾಡಬೇಕು.