ಜಪಾನನ್ನು ಅಮೆರಿಕ ಪುಕ್ಕಟೆ ಕಾಯುತ್ತಿದೆಯೇ?

ಅಮೆರಿಕ–ಜಪಾನ್ ಮೈತ್ರಿಯ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ: "ಜಪಾನಿನ ಮೇಲೆ ದಾಳಿಯಾದರೆ ಅಮೆರಿಕ ಓಡಿಬರಬೇಕು, ಅಮೆರಿಕದ ಮೇಲಾದರೆ ಜಪಾನ್ ಹೋಗಬೇಕಿಲ್ಲ. ಇದೆಂಥ ಒಪ್ಪಂದ?" ಟ್ರಂಪ್ ಅವರ ದೂರೂ ಇದೇ. 1960ರ ಒಪ್ಪಂದದ ಐದನೇ ವಿಧಿಯನ್ನು ಓದಿ ಅಲ್ಲಿಗೇ ನಿಲ್ಲಿಸಿದರೆ ಹಾಗೇ ಅನ್ನಿಸುತ್ತದೆ. ಆರನೇ ವಿಧಿಯನ್ನೂ ಓದಬೇಕು.

ಜಪಾನಿನ ಆಡಳಿತದಲ್ಲಿರುವ ಪ್ರದೇಶದ ಮೇಲೆ ದಾಳಿಯಾದರೆ ಇಬ್ಬರೂ ಸೇರಿ ಎದುರಿಸಬೇಕು ಎನ್ನುವುದು ಐದನೇ ವಿಧಿ. ಗುವಾಮ್, ಹವಾಯಿಗಳಿಗೆ ಅದು ಅನ್ವಯಿಸುವುದಿಲ್ಲ. ಆರನೆಯದು ನೆಲದ ವಿಷಯ: ಜಪಾನಿನ ಭದ್ರತೆಗಷ್ಟೇ ಅಲ್ಲ, ದೂರಪ್ರಾಚ್ಯದ ಶಾಂತಿಗಾಗಿಯೂ ಅಮೆರಿಕದ ಸೇನೆ ಜಪಾನಿನ ನೆಲೆಗಳನ್ನು ಬಳಸಬಹುದು. ಬಳಕೆಯಲ್ಲಿ ಅದು ದೂರಪ್ರಾಚ್ಯವನ್ನೂ ದಾಟಿದೆ. ಟೋಕಿಯೊ ಹತ್ತಿರದ ಯೊಕೊಸುಕಾ ಬಂದರಿನಲ್ಲಿ ನೆಲೆ ನಿಂತಿದ್ದ ಮಿಡ್‌ವೇ ವಿಮಾನವಾಹಕ ನೌಕೆ 1991ರ ಕೊಲ್ಲಿ ಯುದ್ಧಕ್ಕೆ ಹೋಯಿತು, ಅದೇ ಬಂದರಿನ ಕಿಟಿ ಹಾಕ್ 2003ರಲ್ಲಿ ಇರಾಕ್ ಯುದ್ಧಕ್ಕೆ. ಜಪಾನಿನ ದಕ್ಷಿಣದ ಓಕಿನಾವ ಪ್ರಾಂತ್ಯದಲ್ಲಿದ್ದ ಅಮೆರಿಕದ ಮರೀನ್ ಪಡೆ 2004ರಲ್ಲಿ ಇರಾಕಿನ ಫಲ್ಲೂಜಾದಲ್ಲಿ ಕಾದಾಡಿತು. ತನ್ನ ನೆಲದಾಚೆ ಅಮೆರಿಕ ಒಂದು ವಿಮಾನವಾಹಕ ನೌಕೆಯನ್ನು ಕಾಯಂ ಆಗಿ ಇಟ್ಟಿರುವುದು ಯೊಕೊಸುಕಾದಲ್ಲಿ ಮಾತ್ರ. ಹಿಂದಿನ ಜಪಾನ್ ಸಾಮ್ರಾಜ್ಯದ ನೌಕಾಪಡೆ ಕಟ್ಟಿದ, ಅಷ್ಟು ದೊಡ್ಡ ಹಡಗನ್ನು ಒಳಗೆ ನಿಲ್ಲಿಸಿ ದುರಸ್ತಿ ಮಾಡಬಲ್ಲ ಡ್ರೈ ಡಾಕ್ ಅಲ್ಲಿದೆ. ಇದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.

ಇನ್ನು ದುಡ್ಡು. ಮೂಲ ನಿಯಮದಂತೆ ಜಾಗವನ್ನು ಜಪಾನ್ ಕೊಡಬೇಕು, ನಡೆಸುವ ಖರ್ಚು ಅಮೆರಿಕದ್ದು. ಯೆನ್ ಬಲವಾಗಿ ಡಾಲರ್ ಕುಸಿದಾಗ, 1978ರಲ್ಲಿ, ನೆಲೆಗಳ ಜಪಾನಿ ನೌಕರರ ಕಲ್ಯಾಣ ವೆಚ್ಚವೆಂದು ಜಪಾನ್ 620 ಕೋಟಿ ಯೆನ್ ಕೊಟ್ಟಿತು; ನಡೆಸುವ ಖರ್ಚಿಗೆ ಅದು ಪಾಲು ಕೊಡುವುದು ಹೀಗೆ ಶುರುವಾಯಿತು. 1987ರಿಂದ ವಿಶೇಷ ಒಪ್ಪಂದಗಳು ಬಂದವು. ಸಂಬಳ, ವಿದ್ಯುತ್, ನೀರು ಒಂದೊಂದಾಗಿ ಸೇರಿದವು. ಈಗ ಸುಮಾರು 23,000 ನೌಕರರ ಸಂಬಳದ ಹೊರೆ ಜಪಾನಿನದು. 2022ರಿಂದ 2026ರವರೆಗಿನ ಐದು ಹಣಕಾಸು ವರ್ಷಗಳಿಗೆ ಒಟ್ಟು ಸುಮಾರು 1.05 ಲಕ್ಷ ಕೋಟಿ ಯೆನ್.

ಹಾಗಾದರೆ ಜಪಾನಿನಲ್ಲಿರುವ ಅಮೆರಿಕ ಸೇನೆಯ ಖರ್ಚಿನಲ್ಲಿ ಜಪಾನ್ ಶೇಕಡಾ ಎಷ್ಟು ಭರಿಸುತ್ತದೆ? ಇಲ್ಲೇ ಹೆಚ್ಚಿನವರು ಎಡವುವುದು. ಅಮೆರಿಕದ ರಕ್ಷಣಾ ಇಲಾಖೆಯ 2004ರ ವರದಿಯಲ್ಲಿ ಜಪಾನಿನ ಪಾಲು ಶೇ. 74.5. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕರು 2021ರಲ್ಲಿ ಕೊಟ್ಟ ಅಂಕಿಗಳು ಬೇರೆ: 2016ರಿಂದ 2019ರ ನಡುವೆ ಅಮೆರಿಕ ಖರ್ಚು ಮಾಡಿದ್ದು 2,090 ಕೋಟಿ ಡಾಲರ್, ಜಪಾನ್ ಕೊಟ್ಟಿದ್ದು 1,260 ಕೋಟಿ. ಅಂದರೆ ಶೇ. 38ರ ಆಸುಪಾಸು. ಎರಡನ್ನೂ ಅಕ್ಕಪಕ್ಕ ಇಟ್ಟು ಜಪಾನ್ ಜಾರಿಕೊಂಡಿತು ಎನ್ನುವುದು ತಪ್ಪು. ಎರಡನೇ ಲೆಕ್ಕದಲ್ಲಿ ಅಮೆರಿಕದ ಸೈನಿಕರ ಸಂಬಳವೂ ಸೇರಿದೆ; ಆ ಸೈನಿಕ ಟೆಕ್ಸಾಸಿನಲ್ಲಿದ್ದರೂ ಅದನ್ನು ಕೊಡಲೇಬೇಕಿತ್ತು. ಬಿಟ್ಟುಕೊಟ್ಟ ತೆರಿಗೆ, ಬಾಡಿಗೆಗಳನ್ನು ಜಪಾನಿನ ಕೊಡುಗೆ ಎಂದು ಎಣಿಸಿದರೆ ಅಂಕಿ ಮತ್ತೆ ಬದಲಾಗುತ್ತದೆ. ಯಾವ ಬಾಬತ್ತು ಒಳಗೆ, ಯಾವುದು ಹೊರಗೆ ಎಂದು ಹೇಳದ ಶೇಕಡಾವಾರನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನನ್ನ ಮಟ್ಟಿಗೆ ನಿಜವಾದ ಅಸಮಾನತೆ ವಾಷಿಂಗ್ಟನ್–ಟೋಕಿಯೊ ನಡುವಿನದಲ್ಲ. ಜಪಾನಿನ ಭೂಭಾಗದಲ್ಲಿ ಓಕಿನಾವದ ಪಾಲು ಶೇ. 0.6. ಅಮೆರಿಕ ಸೇನೆಗಷ್ಟೇ ಮೀಸಲಾದ ನೆಲೆಗಳ ವಿಸ್ತೀರ್ಣದಲ್ಲಿ ಸುಮಾರು ಶೇ. 70 ಅಲ್ಲಿದೆ. ಭದ್ರತೆ ಇಡೀ ದೇಶಕ್ಕೆ, ಸದ್ದು ಮತ್ತು ಅಪಾಯ ಒಂದೇ ಪ್ರಾಂತ್ಯಕ್ಕೆ. 2004ರ ಆಗಸ್ಟ್‌ನಲ್ಲಿ ಓಕಿನಾವದಲ್ಲಿರುವ ಮರೀನ್ ವಾಯುನೆಲೆ ಫುಟೆನ್ಮಾದ ಪಕ್ಕದ ವಿಶ್ವವಿದ್ಯಾಲಯದ ಮೇಲೆ ಮರೀನ್ ಹೆಲಿಕಾಪ್ಟರ್ ಬಿದ್ದಾಗ ಅಮೆರಿಕದ ಸೈನಿಕರೇ ಜಾಗ ಸುತ್ತುವರಿದು ಜಪಾನಿ ಪೊಲೀಸರನ್ನು ಹೊರಗಿಟ್ಟರು. ತನ್ನದೇ ಊರಿನಲ್ಲಿ ತನಿಖೆಗೆ ಇನ್ನೊಬ್ಬರ ಅಪ್ಪಣೆ ಬೇಕಾಗುವುದು ಯಾವ ಬಜೆಟ್ ಪುಟದಲ್ಲೂ ಕಾಣದ ನಷ್ಟ. ಫುಟೆನ್ಮಾವನ್ನು ಐದರಿಂದ ಏಳು ವರ್ಷದೊಳಗೆ ಹಿಂದಿರುಗಿಸುವುದಾಗಿ 1996ರಲ್ಲಿ ಒಪ್ಪಿದ್ದರು, ಇನ್ನೂ ಹಿಂದಿರುಗಿಸಿಲ್ಲ. ಬದಲಿ ನೆಲೆಗಾಗಿ ಓಕಿನಾವದ್ದೇ ಆದ ಹೆನೊಕೊದಲ್ಲಿ ಸಮುದ್ರ ತುಂಬುವುದನ್ನು 2019ರ ಪ್ರಾಂತ್ಯದ ಜನಮತದಲ್ಲಿ ಮತ ಹಾಕಿದವರಲ್ಲಿ ಶೇ. 72ರಷ್ಟು ಜನ ವಿರೋಧಿಸಿದರು. ಕೆಲಸ ನಿಲ್ಲಲಿಲ್ಲ.

ಈಗಿನ ಹಣದ ಒಪ್ಪಂದದ ಅವಧಿ 2027ರ ಮಾರ್ಚ್‌ವರೆಗೆ. ಮುಂದಿನದರ ಮೊತ್ತ ಪತ್ರಿಕೆಗಳಲ್ಲಿ ಬಂದಾಗ ಅದೇ ಜಪಾನಿನ ಪೂರ್ತಿ ಖರ್ಚು ಎಂದುಕೊಳ್ಳಬೇಡಿ. 2019ರ ಅಂದಾಜಿನಲ್ಲಿ 93,000 ಕೋಟಿ ಯೆನ್ ಆಗಿದ್ದ ಹೆನೊಕೊ ಕಾಮಗಾರಿ ಆ ಮೊತ್ತದಾಚೆಗಿನದು. ಮರೀನ್ ಸೈನಿಕರನ್ನು ಗುವಾಮ್‌ಗೆ ಸ್ಥಳಾಂತರಿಸಲು, ಅಂದರೆ ಅಮೆರಿಕದ ನೆಲದಲ್ಲೇ ಕಟ್ಟಡ ಕಟ್ಟಲು, ಜಪಾನ್ ಒಪ್ಪಿಕೊಂಡ 280 ಕೋಟಿ ಡಾಲರ್ ಕೂಡ ಬೇರೆ ಬಾಬತ್ತು.