ಮಾಸ್ಟ್ರೇ, ಅಪ್ಪಟ ನಮ್ಮದು ಅನ್ನೋ ಡ್ರೆಸ್ ಯಾವುದು?

ಹೊಸಪೇಟೆಯಲ್ಲಿ ನಮ್ಮದು ಗಂಡಸರ ಬಟ್ಟೆ ಹೊಲಿಯುವ ಅಂಗಡಿ. ಅಪ್ಪನ ಕಾಲದಿಂದ ಇದೆ. ಮದುವೆ ಸೀಸನ್ ಶುರುವಾಯಿತು ಅಂದರೆ ದಿನಕ್ಕೆ ಒಂದು ಸಲವಾದರೂ ಈ ಪ್ರಶ್ನೆ ಬರುತ್ತದೆ. ಮದುಮಗನ ಜೊತೆ ನಾಲ್ಕು ಜನ ಬರುತ್ತಾರೆ. ಅವರಲ್ಲಿ ಒಬ್ಬರು ಕುರ್ಚಿ ಎಳೆದುಕೊಂಡು ಕೂತು ಕೇಳುತ್ತಾರೆ: "ಮಾಸ್ಟ್ರೇ, ಹೊರಗಿನವರದು ಯಾವುದೂ ಬೇಡ. ಅಪ್ಪಟ ನಮ್ಮದು ಅನ್ನೋ ಡ್ರೆಸ್ ಯಾವುದು? ಅದನ್ನ ಹೊಲಿದು ಕೊಡಿ."

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದು ಇಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅಪ್ಪಟ ನಮ್ಮದೇ ಬೇಕಿದ್ದರೆ ದರ್ಜಿಯ ಹತ್ತಿರ ಬರಬೇಡಿ. ಪಂಚೆ ಅಂಗಡಿಗೆ ಹೋಗಿ ಒಂದು ಪಂಚೆ, ಒಂದು ಶಲ್ಯ ತಗೊಳ್ಳಿ. ಬಾದಾಮಿ ಗುಹೆಗಳ ಶಿಲ್ಪ ನೋಡಿ. ಸೊಂಟಕ್ಕೆ ಸುತ್ತಿದ ಬಟ್ಟೆ, ಅದರ ನಿರಿಗೆ, ಅಷ್ಟೇ. ಅದಕ್ಕೆ ಕತ್ತರಿ ಬೇಕಾಗಿಲ್ಲ. ಕತ್ತರಿ ಆಡಿಸಿ, ತೋಳು ಕೂಡಿಸಿ, ಗುಂಡಿ ಇಡಬೇಕು ಅಂದಿರೋ, ಆಗ ನಾಲ್ಕು ದಿಕ್ಕಿನ ಜನ ನಿಮ್ಮ ಅಂಗಿಯೊಳಗೆ ಬಂದರು ಅಂತಲೇ ಲೆಕ್ಕ.

ನನಗೆ ಸಿಟ್ಟು ಬರುವುದು "ಅಪ್ಪಟ" ಅನ್ನುವ ಮಾತಿಗೆ. ತುಪ್ಪಕ್ಕೆ ಆ ಮಾತು ಸರಿ, ಚಿನ್ನಕ್ಕೆ ಸರಿ. ಬಟ್ಟೆಗೆ ಹೇಗೆ ಹೇಳುತ್ತೀರಿ?

ಹೋದ ವರ್ಷ ಒಂದು ಹುಡುಗ ಶೇರ್ವಾನಿ ಹೊಲಿಸಲು ಬಂದ. ಜೊತೆಗೆ ಗಂಗಾವತಿಯಿಂದ ಅವನ ಸೋದರಮಾವ. ನಾನು ಎದೆಯ ಅಳತೆ ತೆಗೆಯುತ್ತಿದ್ದೆ, 38 ಇಂಚು. ಮಾವ ನಡುವೆ ಬಾಯಿ ಹಾಕಿದರು. "ಶೇರ್ವಾನಿ ಅವ್ರದು. ನಮ್ಮ ಹುಡುಗನಿಗೆ ಬೇಡ. ಜುಬ್ಬಾ ಪೈಜಾಮ ಹೊಲೀರಿ, ಅದು ನಮ್ಮ ಸಂಸ್ಕೃತಿ."

"ಅವ್ರದು" ಅಂದಾಗ ಅವರು ದನಿ ತಗ್ಗಿಸಿದರು. ನನಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಜುಬ್ಬಾ ಅನ್ನೋದು ಅರಬ್ಬಿ ಮಾತು. ಪೈಜಾಮ ಪಾರಸಿ ಮಾತು. ಪಾಯ್ ಅಂದ್ರೆ ಕಾಲು, ಜಾಮಾ ಅಂದ್ರೆ ಬಟ್ಟೆ" ಅಂದೆ.

"ಹಾಗಾದ್ರೆ ಅದೂ ನಮ್ದಲ್ಲ ಅಂತೀರಾ?"

"ನಿಮ್ದೇ. ನಿಮ್ಮಪ್ಪ ತೊಟ್ಟಿದ್ದಾರೆ, ನೀವು ತೊಟ್ಟಿದ್ದೀರಿ. ಅದಕ್ಕೇ ನಿಮ್ದು."

ಅವರು ಎದ್ದು ನಿಂತರು. "ನಿಮಗ್ಯಾಕ್ರೀ ಇತಿಹಾಸ? ಹೊಲಿಯೋದು ನೋಡ್ಕೊಳ್ರಿ" ಅಂದು ಹುಡುಗನ ಕೈ ಹಿಡಿದು ಹೊರಟೇಬಿಟ್ಟರು.

ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ಹೊಲಿಯುವವನಿಗಲ್ಲದೆ ಇನ್ಯಾರಿಗೆ ಬೇಕು ಈ ಇತಿಹಾಸ? ನನ್ನ ಮೇಜಿನ ಮೇಲೆಯೇ ಅದು ಬಿದ್ದಿದೆ. ದರ್ಜಿ ಪಾರಸಿ ಮಾತು. ಜೇಬು ಅರಬ್ಬಿ. ಕೋಟಿನ ಒಳಗೆ ಹಾಕುವ ಅಸ್ತರು ಪಾರಸಿ. ಗುಂಡಿ ನಮ್ಮದು, ಅದು ತೂರುವ ಕಾಜ ಪೋರ್ಚುಗೀಸರದು. ಕಾಲರ್ ಇಂಗ್ಲಿಷಿನದು. ಒಂದು ಅಂಗಿ ಮುಗಿಯುವಷ್ಟರಲ್ಲಿ ಐದು ಭಾಷೆ ನನ್ನ ಕೈಯಲ್ಲಿ ಹಾದುಹೋಗಿರುತ್ತವೆ.

ಹಾಗಂತ ಸೂಜಿಯೇ ಹೊರಗಿನಿಂದ ಬಂತು ಅನ್ನಬೇಡಿ. ಅದನ್ನು ಹೇಳುವವರೂ ಇದ್ದಾರೆ, ಅವರ ಮೇಲೂ ನನಗೆ ಅಷ್ಟೇ ಸಿಟ್ಟು. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು. ಹೊಲಿಗೆಯೇ ಅವರ ಕಾಯಕ. ನಮ್ಮ ಕಸುಬಿನವರೊಬ್ಬರು ವಚನಕಾರರ ಸಾಲಿನಲ್ಲಿ ಇದ್ದಾರೆ ಅನ್ನುವುದು ನನಗೆ ದೊಡ್ಡ ಹೆಮ್ಮೆ. ಇನ್ನೂ ಹಿಂದೆ ಹೋದರೆ, ಮಥುರಾದ ಮ್ಯೂಸಿಯಂನಲ್ಲಿ ಕುಶಾನರ ದೊರೆ ಕನಿಷ್ಕನ ಮೂರ್ತಿ ಇದೆ. ತಲೆ ಮುರಿದುಹೋಗಿದೆ, ಆದರೆ ಉದ್ದನೆ ಕೋಟು, ದಪ್ಪ ಬೂಟು ಹಾಗೇ ಉಳಿದಿವೆ. ಮಧ್ಯ ಏಷ್ಯಾದ ಚಳಿಯಲ್ಲಿ ಕುದುರೆ ಹತ್ತುವವರ ಬಟ್ಟೆ ಅದು. ಆಮೇಲೆ ಬಂದ ಸಮುದ್ರಗುಪ್ತ ತನ್ನ ಚಿನ್ನದ ನಾಣ್ಯದಲ್ಲಿ ಅಂಥದೇ ಕೋಟು, ಕಾಲಿಗೆ ಇಜಾರ ತೊಟ್ಟು ನಿಂತಿದ್ದಾನೆ.

ನನ್ನ ಅಂಗಡಿಯಿಂದ ಹಂಪಿಗೆ ಅರ್ಧ ಗಂಟೆ ದಾರಿ. ಕುದುರೆ ಮಾರಲು ಬಂದ ಪರದೇಶಿಗಳನ್ನು ಅಲ್ಲಿನ ಕಲ್ಲಿನಲ್ಲೇ ಕೆತ್ತಿದ್ದಾರೆ. ಕುದುರೆಯ ಜೊತೆ ಬಟ್ಟೆಯೂ ಬಂತು. ವಿಜಯನಗರದ ಆಸ್ಥಾನದಲ್ಲಿ ದೊಡ್ಡವರು ಕಬಾಯಿ ತೊಡುತ್ತಿದ್ದರು, ತಲೆಗೆ ಕುಳ್ಳಾಯಿ ಇಡುತ್ತಿದ್ದರು. ಕಬಾಯಿ ಅಂದರೆ ಉದ್ದ ತೋಳಿನ ನಿಲುವಂಗಿ, ಅರಬ್ಬಿಯ ಕಬಾ. ಕುಳ್ಳಾಯಿ ಅಂದರೆ ಎತ್ತರದ ಟೋಪಿ, ಪಾರಸಿಯ ಕುಲಾಹ್. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಕೃಷ್ಣದೇವರಾಯನನ್ನು ಕಣ್ಣಾರೆ ನೋಡಿ ಬರೆದಿದ್ದಾನೆ: ಚಿನ್ನದ ಗುಲಾಬಿ ಕಸೂತಿ ಇದ್ದ ಬಿಳಿ ಬಟ್ಟೆ, ತಲೆಗೆ ಜರತಾರಿ ಟೋಪಿ, ಬರಿಗಾಲು. ತಿರುಮಲೆಯಲ್ಲಿರುವ ಅವನ ಲೋಹದ ಮೂರ್ತಿಯ ತಲೆಯ ಮೇಲೂ ಆ ಎತ್ತರದ ಟೋಪಿಯೇ ಇದೆ. ಕೃಷ್ಣದೇವರಾಯ ನಮ್ಮವನು ಅಲ್ವಾ?

ಈ ಬಟ್ಟೆ ಎಲ್ಲರಿಗೂ ಹಿಡಿಸಿತ್ತು ಅಂತಲ್ಲ. 15ನೇ ಶತಮಾನದ ತೆಲುಗು ಕವಿ ಶ್ರೀನಾಥನ ಹೆಸರಿನಲ್ಲಿ ಒಂದು ಪದ್ಯ ಇದೆ. ರಾಜದರ್ಶನಕ್ಕೆ ಅಂತ ವಿಜಯನಗರಕ್ಕೆ ಬಂದವನು ಗೋಳಾಡುತ್ತಾನೆ: ಕುಳ್ಳಾಯಿ ಇಟ್ಟೆ, ದೊಡ್ಡ ನಿಲುವಂಗಿ ತೊಟ್ಟೆ, ತಾಯೀ ಕನ್ನಡ ರಾಜ್ಯಲಕ್ಷ್ಮೀ, ನಿನಗೆ ದಯೆ ಇಲ್ಲವೇ! ಆಂಧ್ರದ ಕವಿಗೆ ಕುಳ್ಳಾಯಿ ಕಂಡದ್ದು ಕನ್ನಡದವರ ಬಟ್ಟೆಯಾಗಿ. ಪಾರಸಿ ಟೋಪಿಯಾಗಿ ಅಲ್ಲ. ಇದನ್ನು ಓದಿದ ದಿನ ನಾನು ಅಂಗಡಿಯಲ್ಲಿ ಒಬ್ಬನೇ ಕೂತು ನಕ್ಕೆ. ಆ ಮಾವ ಇರಬೇಕಿತ್ತು ಅನ್ನಿಸಿತು.

ಲೇಪಾಕ್ಷಿಯ ವೀರಭದ್ರ ಗುಡಿಯ ಚಾವಣಿ ಚಿತ್ರಗಳಲ್ಲೂ ಇದೇ ಬಟ್ಟೆ. ಕತ್ತು ನೋಯುವವರೆಗೆ ನೋಡಿದೆ. ತೋಳು ಎಲ್ಲಿ ಕೂಡಿದೆ, ಸೊಂಟದಲ್ಲಿ ಎಷ್ಟು ಬಿಗಿ ಅಂತ ಬೆರಳಲ್ಲೇ ಅಳೆದೆ. ಹೊಲಿದವನು ಗಟ್ಟಿ ಕೈಯವನು.

ಇನ್ನು ಶೇರ್ವಾನಿ. ಹಳೆಯ ಅಂಗರಖಾ, ಅಚ್ಕನ್ ಅನ್ನುವ ಉದ್ದ ಅಂಗಿಗಳ ಮನೆತನಕ್ಕೆ ಬ್ರಿಟಿಷರ ಉದ್ದ ಕೋಟಿನ ಕಟಿಂಗ್ ಸೇರಿ 19ನೇ ಶತಮಾನದಲ್ಲಿ ಬೆಳೆದ ಉಡುಪು. ಗಂಗಾವತಿ 1948ರವರೆಗೆ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. ಆ ಸೀಮೆಯ ಅಧಿಕಾರಿಗಳು, ವಕೀಲರು ಶೇರ್ವಾನಿ ತೊಟ್ಟೇ ಕಚೇರಿಗೆ ಹೋಗುತ್ತಿದ್ದರು, ಯಾವ ಧರ್ಮದವರಾದರೂ. "ಅವ್ರದು" ಅಂದ ಮಾವನ ಊರಿನದೇ ಬಟ್ಟೆ ಅದು.

ಪ್ಯಾಂಟು ಶರ್ಟಿನ ಕಥೆ ಎಲ್ಲರಿಗೂ ಗೊತ್ತು. ರೈಲು, ಪೊಲೀಸು, ಕೋರ್ಟು, ಶಾಲೆ, ಎಲ್ಲದರ ಜೊತೆ ಬಂತು. ಇಲ್ಲಿಂದ ಹೋದದ್ದೂ ಕಮ್ಮಿಯಲ್ಲ. ಇಂಗ್ಲಿಷಿನವರು ರಾತ್ರಿ ಪೈಜಾಮ ತೊಟ್ಟು ಮಲಗುತ್ತಾರೆ, ಜೋಧಪುರದ ಹೆಸರಿನ ಇಜಾರ ತೊಟ್ಟು ಕುದುರೆ ಹತ್ತುತ್ತಾರೆ.

ನಮ್ಮವರ ಜಾಣತನ ನೋಡಬೇಕಾದರೆ ಪಟ್ಟಾಪಟ್ಟಿ ಚಡ್ಡಿ ನೋಡಿ. ಪಂಚೆಗೆ ಜೇಬಿಲ್ಲ. ದುಡ್ಡು, ಎಲೆಅಡಿಕೆ, ಬೀಡಿ ಎಲ್ಲಿಡಬೇಕು? ಒಳಗೆ ಲಾಡಿ ಕಟ್ಟುವ ಚಡ್ಡಿ ಹೊಲಿಸಿ ಅದಕ್ಕೆ ದೊಡ್ಡ ಜೇಬು ಇಡಿಸಿದರು. ಮೇಲೆ ಸುತ್ತಿದ ಬಟ್ಟೆ, ಒಳಗೆ ಹೊಲಿದ ಬಟ್ಟೆ. ಎರಡೂ ಬೇಕಿತ್ತು, ಎರಡನ್ನೂ ಇಟ್ಟುಕೊಂಡರು. ಯಾವುದು ಯಾರದು ಅಂತ ಹೊಲದಲ್ಲಿ ನಿಂತು ಯಾರೂ ಜಗಳ ಆಡಲಿಲ್ಲ.

ನಮ್ಮ ಅಂಗಡಿಯ ಗೋಡೆಗೆ ಒಂದು ಕರಿ ಕ್ಲೋಸ್ ಕಾಲರ್ ಕೋಟು ತೂಗುಹಾಕಿದೆ. ಅಪ್ಪ 1968ರಲ್ಲಿ ತನ್ನ ಮದುವೆಗೆ ತಾನೇ ಹೊಲಿದುಕೊಂಡದ್ದು. ಕಚ್ಚೆ ಪಂಚೆಯ ಮೇಲೆ ಅದನ್ನು ತೊಟ್ಟು, ತಲೆಗೆ ರುಮಾಲು ಸುತ್ತಿ ತಾಳಿ ಕಟ್ಟಿದ. ಆಮೇಲೆ ಹತ್ತಾರು ಮದುವೆಗೆ ಅದೇ ಕೋಟು. ಎರಡು ಸಲ ಬಿಚ್ಚಿ ಸಡಿಲ ಮಾಡಿದ. ನನ್ನ ಮದುವೆಗೆ ಮತ್ತೆ ಹಿಡಿದು ನನಗೆ ಹೊಂದಿಸಿಕೊಟ್ಟ. ಇಷ್ಟೆಲ್ಲ ಆಗಿದ್ದು ಹೊಲಿಗೆಯ ಒಳಗೆ ಹೆಚ್ಚು ಬಟ್ಟೆ ಮಡಚಿ ಬಿಟ್ಟಿದ್ದರಿಂದ.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದೀರಿ? ಈಗ ಅದನ್ನು ಯಾರೂ ಕೇಳುವುದಿಲ್ಲ. ಬಾಡಿಗೆಗೆ ತಂದು, ಒಂದು ದಿನ ತೊಟ್ಟು, ಫೋಟೋ ತೆಗೆಸಿ ವಾಪಸ್ ಕೊಡುವ ಬಟ್ಟೆಗೆ ಸಂಸ್ಕೃತಿಯ ಮಾತು ಮಾತ್ರ ಜಾಸ್ತಿ. ಮಾರನೇ ದಿನ ಅದು ಇನ್ಯಾರದೋ ಮೈಮೇಲೆ ಇರುತ್ತದೆ. ಅದು ನಿಮ್ಮದು ಹೇಗೆ?

ಆ ಹುಡುಗ ನಾಲ್ಕು ದಿನ ಬಿಟ್ಟು ಮತ್ತೆ ಬಂದ, ಈ ಸಲ ಅಮ್ಮನ ಜೊತೆ. ಶೇರ್ವಾನಿಯೇ ಹೊಲಿಸಿದ. ಟ್ರಯಲ್ ನೋಡುವಾಗ ಆ ಅಮ್ಮ ಬಟ್ಟೆಯನ್ನು ತಿರುವಿ ಒಳಗಿನ ಹೊಲಿಗೆ ನೋಡಿದರು. "ಅಣ್ಣಾ, ಇವನು ದಪ್ಪ ಆದ್ರೆ ಬಿಚ್ಚಬಹುದಾ?" ಅಂತ ಕೇಳಿದರು. ಎರಡೂ ಪಕ್ಕ ಒಂದೊಂದು ಇಂಚು, ಬೆನ್ನಿನಲ್ಲಿ ಒಂದು ಇಂಚು ಬಿಟ್ಟಿದ್ದೆ. ತೋರಿಸಿದೆ.

"ಹಾಗಾದ್ರೆ ಮುಂದೆ ಇವನ ತಮ್ಮನಿಗೂ ಆಗುತ್ತೆ" ಅಂದರು.

ತಮ್ಮ ಬಾಗಿಲಲ್ಲೇ ನಿಂತಿದ್ದ. ಒಳಗೆ ಕರೆದು, ಅಳತೆ ತೆಗೆದು, ಪುಸ್ತಕದ ಅದೇ ಪುಟದಲ್ಲಿ ಕೆಳಗೆ ಬರೆದುಕೊಂಡೆ.