3500 ಸ್ಟಾಲ್ ಬೇಕಂತೆ

ಡೆಟ್ರಾಯಿಟ್ ಹತ್ತಿರ ಇರುವ ಗೆಳೆಯ ತನ್ನ ಹಳೇ ಕಮಾರೊ ಕಾರಿನ 350 ಘನ ಇಂಚಿನ ಇಂಜಿನ್‌ಗೆ ದೊಡ್ಡ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್; ದೊಡ್ಡದಾದರೆ ಶಕ್ತಿ ಸಿಗುವುದು ಹೆಚ್ಚಿನ ವೇಗದಲ್ಲಿ) ಹಾಕಿಸಿದ್ದಾನೆ. ಈಗ 3500 ಆರ್‌ಪಿಎಂ ಸ್ಟಾಲ್ ಇರುವ ಟಾರ್ಕ್ ಕನ್ವರ್ಟರ್ ಬೇಕಂತೆ. ಟಾರ್ಕ್ ಕನ್ವರ್ಟರ್ ಅಂದರೆ ಆಟೊಮ್ಯಾಟಿಕ್ ಕಾರಿನಲ್ಲಿ ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ. ಸ್ಟಾಲ್ ಅಂದರೆ ಚಕ್ರ ತಿರುಗದಂತೆ ಹಿಡಿದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಂಜಿನ್ ಏರಬಲ್ಲ ವೇಗ. "ಮಾರಾಯ, ದಿನಾ ಆಫೀಸಿಗೆ ಹೋಗೋದೂ ಇದರಲ್ಲೇ ಅಲ್ವಾ?" ಅಂದೆ.

ಅವನ ಆಸೆ ಪೂರ್ತಿ ತಪ್ಪಲ್ಲ. ಕಾರಿನ ಜೊತೆ ಬಂದ ಕನ್ವರ್ಟರ್‌ದು 2000ದ ಒಳಗಿನ ಸ್ಟಾಲ್. ಆ ವೇಗದಲ್ಲಿ ದೊಡ್ಡ ಕ್ಯಾಮ್ ಇನ್ನೂ ತೂಕಡಿಸುತ್ತಿರುತ್ತದೆ. ಸಿಗ್ನಲ್‌ನಲ್ಲಿ ಗೇರ್ ಹಾಕಿಕೊಂಡು ಬ್ರೇಕ್ ಒತ್ತಿ ನಿಂತರೆ ಇಂಜಿನ್ ಆಫ್ ಆಗುವುದೂ ಉಂಟು.

ಆದರೆ ಸ್ಟಾಲ್‌ಗಿಂತ ಕೆಳಗೆ ಓಡಿಸಿದರೆ ಒಳಗಿನ ಜಾರುವಿಕೆ ಜಾಸ್ತಿ. ಜಾರಿ ಹೋದ ಶಕ್ತಿಯೆಲ್ಲ ಎಣ್ಣೆಗೆ ಬಿಸಿ. ಅವನ ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 3.08. ಗಂಟೆಗೆ 65 ಮೈಲಿ ಹೋದರೂ ಇಂಜಿನ್ ತಿರುಗುವುದು ಸುಮಾರು 2600 ಆರ್‌ಪಿಎಂ. ಅಂದರೆ ಹೈವೇ ಉದ್ದಕ್ಕೂ ಎಣ್ಣೆ ಕಾಯಿಸಿಕೊಂಡು ಹೋಗಬೇಕು! 700ಆರ್4 ಗೇರ್‌ಬಾಕ್ಸ್ ಆಗಿದ್ದರೆ ಲಾಕಪ್ (ಕನ್ವರ್ಟರ್ ಜಾರದಂತೆ ಬಿಗಿಯುವ ಕ್ಲಚ್) ಕಾಪಾಡುತ್ತಿತ್ತು. ಅವನದು ಲಾಕಪ್ ಇಲ್ಲದ ಟರ್ಬೊ 350 ಗೇರ್‌ಬಾಕ್ಸ್.

ಇನ್ನೊಂದು ತಮಾಷೆ. ಡಬ್ಬದ ಮೇಲಿನ ಸ್ಟಾಲ್ ನಂಬರ್ ಎಲ್ಲ ಕಾರಿಗೂ ಒಂದೇ ಅಲ್ಲ. ಅದೇ ಕನ್ವರ್ಟರ್ ಜಾಸ್ತಿ ಟಾರ್ಕ್ ಇರುವ ಇಂಜಿನ್‌ಗೆ ಕೂತರೆ ಸ್ಟಾಲ್ ಇನ್ನೂ ಮೇಲೆ ಹೋಗುತ್ತದೆ. ಮಾರುವವರು ಕಾರಿನ ತೂಕ, ಆಕ್ಸಲ್, ಕ್ಯಾಮ್ ಎಲ್ಲ ಕೇಳುವುದು ಸುಮ್ನೆ ಅಲ್ಲ.

"2400ರ ಆಸುಪಾಸಿನದು ತಗೋ, ಎಣ್ಣೆಗೆ ಬೇರೆ ಕೂಲರ್ ಹಾಕ್ಸು" ಅಂತ ಮೆಸೇಜ್ ಮಾಡಿದೆ. ಉತ್ತರವಾಗಿ ಡ್ರ್ಯಾಗ್ ರೇಸಿನ ವಿಡಿಯೊ ಕಳಿಸಿದ್ದಾನೆ.